ಪ್ರಮಾಣಪತ್ರ ಎಣಿಸಿದರೆ ಸಾಲದು

(ವೃತ್ತಿ ತರಬೇತಿ ಕೇಂದ್ರವೊಂದರ ಪ್ರಮಾಣಪತ್ರ ವಿತರಣಾ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಇಂದು ಈ ವೇದಿಕೆಯಲ್ಲಿ ಹೊಲಿಗೆ ಹಾಗೂ ಕಂಪ್ಯೂಟರ್ ತರಬೇತಿ ಮುಗಿಸಿದ ನಮ್ಮ ಹೆಣ್ಣುಮಕ್ಕಳು ಪ್ರಮಾಣಪತ್ರ ಸ್ವೀಕರಿಸಿದ್ದಾರೆ. ಅವರಿಗೆ ನಮ್ಮ ಹೃತ್ಪೂರ್ವಕ ಅಭಿನಂದನೆಗಳು. ಇಂತಹ ಸಮಾರಂಭಗಳಲ್ಲಿ ಸಾಮಾನ್ಯವಾಗಿ ಅತಿಥಿಗಳು ಸಂಘಟಕರನ್ನು ಹೊಗಳುತ್ತಾರೆ, ಸಂಘಟಕರು ಅತಿಥಿಗಳಿಗೆ ಶಾಲು ಹೊದಿಸುತ್ತಾರೆ, ಛಾಯಾಚಿತ್ರ ತೆಗೆಯಲಾಗುತ್ತದೆ. ಇಂದು ನಾವು ಆ ಸಂಪ್ರದಾಯವನ್ನು ತುಸು ಬದಿಗಿರಿಸಿ ಒಂದು ಅಹಿತಕರ ಪ್ರಶ್ನೆಯನ್ನು ತಮ್ಮ ಮುಂದಿಡಲು ಬಯಸುತ್ತೇವೆ. ಆ ಪ್ರಶ್ನೆ ನಮ್ಮದಲ್ಲ. ಹಿಂದಿನ ತಂಡವೊಂದರಲ್ಲಿ ಕಲಿತ ಯುವತಿಯ ತಾಯಿಯದ್ದು. ಅವರು ಕೇಳಿದ್ದು ಇಷ್ಟೇ: "ನನ್ನ ಮಗಳು ಆರು ತಿಂಗಳು ಬಂದು ಕಲಿತಳು. ಪ್ರಮಾಣಪತ್ರ ಕಪಾಟಿನಲ್ಲಿದೆ. ಇದರಿಂದ ನಮಗೆ ಬಂದದ್ದೇನು?"

ನಮ್ಮ ಬಳಿ ಉತ್ತರವಿರಲಿಲ್ಲ. ನಮ್ಮ ವಾರ್ಷಿಕ ವರದಿಯಲ್ಲಿ ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಮುಗಿಸಿದರು, ಎಷ್ಟು ಯಂತ್ರಗಳು ದಾನವಾಗಿ ಬಂದವು ಎಂಬುದೆಲ್ಲ ಇತ್ತು. ಕಲಿತವರು ಮುಂದೆ ಏನಾದರು ಎಂಬ ಒಂದು ಸಾಲೂ ಇರಲಿಲ್ಲ. ದಾನಿಗಳು ನೀಡಿದ ಹಣ ನಮ್ಮ ಕೈಯಲ್ಲಿರುವ ಅಮಾನತು. ಆ ಹಣಕ್ಕೆ ಖರ್ಚಿನ ಲೆಕ್ಕ ಕೊಟ್ಟ ನಾವು ಫಲದ ಲೆಕ್ಕ ಕೊಡಲಿಲ್ಲ. ಇದನ್ನು ನಾವು ತಮ್ಮೆಲ್ಲರ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ತರಬೇತಿಯ ಫಲವನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆ ಹೊಸದೇನಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಎಂಬವರು 1959ರಲ್ಲಿ ಇದಕ್ಕೆ ನಾಲ್ಕು ಹಂತಗಳನ್ನು ಸೂಚಿಸಿದರು. ಮೊದಲನೆಯದು, ಕಲಿಯಲು ಬಂದವರಿಗೆ ತರಬೇತಿ ಹಿಡಿಸಿತೇ? ಎರಡನೆಯದು, ಅವರು ನಿಜವಾಗಿ ಕಲಿತರೇ? ಮೂರನೆಯದು, ಕಲಿತದ್ದನ್ನು ಕೆಲಸದಲ್ಲಿ ಬಳಸುತ್ತಿದ್ದಾರೆಯೇ? ನಾಲ್ಕನೆಯದು, ಬಳಸಿದ್ದರಿಂದ ಫಲ ಬಂತೇ? ಮುಂದೆ ಜ್ಯಾಕ್ ಫಿಲಿಪ್ಸ್ ಎಂಬವರು ಐದನೆಯ ಹಂತವನ್ನು ಸೇರಿಸಿದರು: ಬಂದ ಫಲವನ್ನು ಹಣಕ್ಕೆ ಪರಿವರ್ತಿಸಿ, ಅದರಲ್ಲಿ ಖರ್ಚನ್ನು ಕಳೆದು, ಉಳಿದದ್ದನ್ನು ಖರ್ಚಿನಿಂದ ಭಾಗಿಸಿ, ನೂರರಿಂದ ಗುಣಿಸಿದರೆ ಹೂಡಿಕೆಯ ಮೇಲಿನ ಪ್ರತಿಫಲದ ಶೇಕಡಾ ಪ್ರಮಾಣ ಸಿಗುತ್ತದೆ.

ಈ ಮೆಟ್ಟಿಲುಗಳನ್ನು ನಮ್ಮ ಹೊಲಿಗೆ ಕೋಣೆಗೆ ಅನ್ವಯಿಸಿ ನೋಡೋಣ. ಹುಡುಗಿಯರು ಸಂತೋಷದಿಂದ ಬರುತ್ತಾರೆ ಎಂಬುದು ಮೊದಲ ಮೆಟ್ಟಿಲು. ಚೂಡಿದಾರ್ ಕತ್ತರಿಸಿ ಹೊಲಿಯಬಲ್ಲರು ಎಂಬುದು ಎರಡನೆಯದು. ಮನೆಗೆ ಹೋದ ಮೇಲೆ ವಾರಕ್ಕೆ ಎಷ್ಟು ದಿನ ಯಂತ್ರದ ಮುಂದೆ ಕೂರುತ್ತಾರೆ ಎಂಬುದು ಮೂರನೆಯದು. ಅದರಿಂದ ಮನೆಗೆ ಎಷ್ಟು ಆದಾಯ ಬಂತು ಎಂಬುದು ನಾಲ್ಕನೆಯದು. ನಾವು ನೀಡುವ ಪ್ರಮಾಣಪತ್ರ ಎರಡನೆಯ ಮೆಟ್ಟಿಲಿಗೇ ನಿಂತುಬಿಡುತ್ತದೆ. ಆದರೆ ಆ ತಾಯಿ ಕೇಳಿದ್ದು ನಾಲ್ಕನೆಯ ಮೆಟ್ಟಿಲಿನ ಪ್ರಶ್ನೆ.

ಸಹೋದರರೇ, ಸೂತ್ರ ಸುಲಭವಾಗಿದೆ. ಕಷ್ಟವಿರುವುದು ಖರ್ಚು ಯಾವುದು, ಫಲ ಯಾವುದು ಎಂದು ಪ್ರಾಮಾಣಿಕವಾಗಿ ನಿರ್ಧರಿಸುವುದರಲ್ಲಿ. ಕೇವಲ ಉದಾಹರಣೆಗಾಗಿ ಒಂದು ಲೆಕ್ಕ ಮಾಡೋಣ. ಒಬ್ಬ ಯುವತಿಯ ಆರು ತಿಂಗಳ ತರಬೇತಿಗೆ ಕೇಂದ್ರ 9,000 ರೂ. ಖರ್ಚು ಮಾಡಿತೆಂದು ಭಾವಿಸಿ. ತರಬೇತಿಯ ನಂತರ ಆಕೆ ತಿಂಗಳಿಗೆ 1,500 ರೂ. ಹೆಚ್ಚು ಸಂಪಾದಿಸಿದರೆ ವರ್ಷಕ್ಕೆ 18,000 ರೂ. ಆಯಿತು. ಖರ್ಚು ಕಳೆದು 9,000 ಉಳಿಯಿತು. ಅಂದರೆ ಶೇ. 100 ಪ್ರತಿಫಲ! ವೇದಿಕೆಯ ಮೇಲೆ ಘೋಷಿಸಲು ಬಹಳ ಸೊಗಸಾದ ಅಂಕಿ.

ಆದರೆ ಆ ಯುವತಿಯ ಮನೆಯವರು ಮಾಡುವ ಲೆಕ್ಕವೇ ಬೇರೆ. ಆಕೆ ಬಸ್ಸಿಗೆಂದು 1,500 ರೂ. ಕೊಟ್ಟಿದ್ದಾಳೆ. ಮನೆಯಲ್ಲಿ ಬೀಡಿ ಕಟ್ಟಿ ತಿಂಗಳಿಗೆ 1,000 ರೂ. ಗಳಿಸುತ್ತಿದ್ದವಳು ಆರು ತಿಂಗಳು ಅದನ್ನು ಬಿಟ್ಟಿದ್ದಾಳೆ. ಅದು 6,000 ರೂ. ಈಗ ಒಟ್ಟು ಖರ್ಚು 16,500 ರೂ. ಆಯಿತು. ಪ್ರತಿಫಲ ಶೇ. 100ರಿಂದ ಶೇ. 9ಕ್ಕೆ ಇಳಿಯಿತು. ಬಡವರ ಸಮಯಕ್ಕೆ ಬೆಲೆಯಿಲ್ಲ ಎಂದು ಭಾವಿಸುವವರು ಮಾತ್ರ ಮೊದಲ ಲೆಕ್ಕವನ್ನು ಒಪ್ಪಬಲ್ಲರು. ಹಾಗಂತ ಒಂದು ವರ್ಷಕ್ಕೇ ಲೆಕ್ಕ ಮುಚ್ಚುವುದೂ ನ್ಯಾಯವಲ್ಲ. ಖರ್ಚು ಒಮ್ಮೆ ಆಗುವಂಥದ್ದು, ಕೌಶಲ ಉಳಿಯುವಂಥದ್ದು. ಎರಡನೆಯ ವರ್ಷವೂ ಆಕೆ ಹೊಲಿಯುತ್ತಿದ್ದರೆ ಚಿತ್ರ ಮತ್ತೆ ಬದಲಾಗುತ್ತದೆ.

ಇದಕ್ಕಿಂತ ದೊಡ್ಡ ಬಲೆ ಇನ್ನೊಂದಿದೆ. ಹೆಚ್ಚಿದ ಆದಾಯವೆಲ್ಲ ತರಬೇತಿಯ ಫಲವೇ? ಅಮೆರಿಕದ ಅರ್ಥಶಾಸ್ತ್ರಜ್ಞ ಓರ್ಲಿ ಆಶೆನ್‌ಫೆಲ್ಟರ್ 1978ರಲ್ಲಿ ಅಲ್ಲಿಯ ಸರಕಾರಿ ತರಬೇತಿಗಳನ್ನು ಪರಿಶೀಲಿಸುವಾಗ ಒಂದು ವಿಚಿತ್ರ ಸಂಗತಿಯನ್ನು ಗಮನಿಸಿದರು. ತರಬೇತಿಗೆ ಸೇರುವ ತುಸು ಮೊದಲು ಜನರ ಆದಾಯ ಕುಸಿದಿರುತ್ತದೆ. ಇದು ಸಹಜವೇ. ಕೆಲಸ ಹೋದವರು, ಅಂಗಡಿ ಮುಚ್ಚಿದವರು, ಮನೆಯಲ್ಲಿ ದುಡಿಯುವವರು ಹಾಸಿಗೆ ಹಿಡಿದವರು ತಾನೇ ತರಬೇತಿ ಹುಡುಕಿಕೊಂಡು ಬರುವುದು? ಅಂತಹವರಲ್ಲಿ ಅನೇಕರು ತರಬೇತಿ ಇಲ್ಲದಿದ್ದರೂ ಒಂದು ವರ್ಷದಲ್ಲಿ ಚೇತರಿಸಿಕೊಳ್ಳುತ್ತಿದ್ದರು. ಸೇರುವಾಗ ಇದ್ದ ಆದಾಯವನ್ನೂ ಮುಗಿದ ಮೇಲಿನ ಆದಾಯವನ್ನೂ ಹೋಲಿಸಿ 'ನಮ್ಮಿಂದಲೇ ಏರಿತು' ಎನ್ನುವುದು ಮಳೆಗಾಲದ ಮುನ್ನಾ ದಿನ ಬಾವಿ ತೋಡಿ ಆಮೇಲೆ ನೀರಿನ ಮಟ್ಟ ತೋರಿಸಿದಂತೆ.

ನಮ್ಮ ಉದಾಹರಣೆಯಲ್ಲೇ, ಹೆಚ್ಚಿದ 1,500 ರೂಪಾಯಿಯಲ್ಲಿ 500 ರೂ. ಹೇಗೂ ಬರುತ್ತಿತ್ತು ಎಂದಾದರೆ ತರಬೇತಿಯ ಕೊಡುಗೆ 1,000 ರೂ. ಮಾತ್ರ. ಆಗ ಮೊದಲ ವರ್ಷದ ಫಲ 12,000 ರೂ., ಖರ್ಚು 16,500 ರೂ. ಅಂದರೆ ಶೇ. 27ರಷ್ಟು ನಷ್ಟ. ಎರಡು ವರ್ಷ ಹಿಡಿದರೆ ಸುಮಾರು ಶೇ. 45 ಲಾಭ. ಒಬ್ಬಳೇ ಯುವತಿ, ಒಂದೇ ಕೌಶಲ. ಆದರೆ ಶೇ. 100 ಲಾಭದಿಂದ ಶೇ. 27 ನಷ್ಟದವರೆಗೆ ಎಲ್ಲವನ್ನೂ ಸಾಧಿಸಿ ತೋರಿಸಬಹುದು. ಆದುದರಿಂದ ಯಾರಾದರೂ ತರಬೇತಿಯ ಲಾಭದ ಅಂಕಿಯನ್ನು ನಮ್ಮ ಮುಂದೆ ಹಿಡಿದಾಗ, ಖರ್ಚಿನಲ್ಲಿ ಏನೇನು ಸೇರಿಸಿದಿರಿ, ಯಾರೊಂದಿಗೆ ಹೋಲಿಸಿದಿರಿ, ಎಷ್ಟು ಕಾಲ ಕಾದು ನೋಡಿದಿರಿ ಎಂದು ಕೇಳುವ ಅಭ್ಯಾಸ ನಮ್ಮಲ್ಲಿ ಬೆಳೆಯಬೇಕು.

ಯಾರೊಂದಿಗೆ ಹೋಲಿಸಬೇಕು? ತರಬೇತಿ ಬಯಸಿದರೂ ಅವಕಾಶ ಸಿಗದವರೊಂದಿಗೆ. ಅರ್ಜಿ ಹಾಕಿದವರು ಹೆಚ್ಚು, ಸ್ಥಾನಗಳು ಕಡಿಮೆ ಇದ್ದಾಗ ಚೀಟಿ ಎತ್ತಿ ಆಯ್ಕೆ ಮಾಡಿದರೆ, ಆಯ್ಕೆಯಾದವರಿಗೂ ಆಗದವರಿಗೂ ಇರುವ ವ್ಯತ್ಯಾಸ ಅದೃಷ್ಟದ್ದು ಮಾತ್ರ. ಮುಂದೆ ಅವರ ಬದುಕಿನಲ್ಲಿ ಕಾಣುವ ಅಂತರವನ್ನು ತರಬೇತಿಯ ಫಲವೆನ್ನಲು ಆಗ ಗಟ್ಟಿಯಾದ ಆಧಾರವಿರುತ್ತದೆ. ಹೀಗೆ ಅಳೆದ ಎರಡು ಉದಾಹರಣೆಗಳು ನಮ್ಮ ದೇಶದಲ್ಲೇ ಇವೆ. ಎರಡೂ ಹೊಲಿಗೆ ಯಂತ್ರದ ಮುಂದೆ ಕೂರುವ ಮಹಿಳೆಯರ ಕುರಿತಾದವು.

ಮೊದಲನೆಯದು ದೆಹಲಿಯದ್ದು. ಅಲ್ಲಿಯ ಬಡ ಬಡಾವಣೆಗಳ ಮಹಿಳೆಯರಿಗೆ ಸ್ವಯಂಸೇವಾ ಸಂಸ್ಥೆಗಳು ಆರು ತಿಂಗಳ ಹೊಲಿಗೆ ತರಬೇತಿ ನೀಡಿದವು. ಪುಷ್ಕರ್ ಮೈತ್ರ ಮತ್ತು ಸುಭಾ ಮಣಿ ಎಂಬ ಅರ್ಥಶಾಸ್ತ್ರಜ್ಞರು ಅದರ ಫಲವನ್ನು ಅಳೆದು 2017ರಲ್ಲಿ ಪ್ರಕಟಿಸಿದರು. ತರಬೇತಿಯ ಅವಕಾಶ ಪಡೆದವರ ತಿಂಗಳ ಗಳಿಕೆ ಅವಕಾಶ ಸಿಗದವರಿಗಿಂತ ಶೇ. 150ರಷ್ಟು ಹೆಚ್ಚಾಗಿತ್ತು. ಹದಿನೆಂಟು ತಿಂಗಳುಗಳ ಬಳಿಕವೂ ಪರಿಣಾಮ ಉಳಿದಿತ್ತು. ನಾಲ್ಕು ವರ್ಷಗಳೊಳಗಿನ ದುಡಿಮೆಯಿಂದ ತರಬೇತಿಯ ಖರ್ಚು ಮರಳುತ್ತದೆ ಎಂದು ಅವರು ಲೆಕ್ಕ ಹಾಕಿದರು.

ಶೇ. 150 ಎಂದೊಡನೆ ಚಪ್ಪಾಳೆ ತಟ್ಟಬೇಕೆನಿಸುತ್ತದೆ. ಆದರೆ ಅದೇ ಅಧ್ಯಯನದ ಇನ್ನೊಂದು ಅಂಕಿಯನ್ನೂ ನೋಡಬೇಕು. ಉದ್ಯೋಗದಲ್ಲಿರುವವರ ಪ್ರಮಾಣ ಹೆಚ್ಚಿದ್ದು ನೂರಕ್ಕೆ ಆರರಷ್ಟು. ಎರಡೂ ಸತ್ಯ. ಮೊದಲು ಹೆಚ್ಚಿನ ಮಹಿಳೆಯರ ಗಳಿಕೆ ಶೂನ್ಯವೇ ಆಗಿದ್ದುದರಿಂದ ಸರಾಸರಿ ತೀರಾ ಚಿಕ್ಕದಿತ್ತು. ಚಿಕ್ಕದರ ಮೇಲೆ ತುಸು ಸೇರಿದರೂ ಶೇಕಡಾವಾರು ದೊಡ್ಡದಾಗಿ ಕಾಣುತ್ತದೆ. ನೂರರಲ್ಲಿ ಆರು ಹೊಸ ಮನೆಗಳಿಗೆ ಹೆಣ್ಣಿನ ದುಡಿಮೆಯ ಆದಾಯ ಬಂದದ್ದು ಸಣ್ಣ ಸಾಧನೆಯಲ್ಲ. ಆದರೆ ಉಳಿದವರನ್ನು ಮರೆಸಲು ಆ ಶೇ. 150ನ್ನು ಬಳಸಬಾರದು. ಇನ್ನೊಂದು ಮುಖ್ಯ ವಿಷಯವೂ ಆ ಅಧ್ಯಯನದಲ್ಲಿದೆ. ಅರ್ಧದಲ್ಲೇ ಬಿಟ್ಟವರು ಯಾಕೆ ಬಿಟ್ಟರು? ಕೇಂದ್ರ ದೂರವಿತ್ತು, ಮಗುವನ್ನು ನೋಡಿಕೊಳ್ಳುವವರಿರಲಿಲ್ಲ, ಕೈಯಲ್ಲಿ ಹಣವಿರಲಿಲ್ಲ. 'ಹೆಣ್ಣುಮಕ್ಕಳಿಗೆ ಆಸಕ್ತಿಯಿಲ್ಲ' ಎಂದು ಸಲೀಸಾಗಿ ಹೇಳಿಬಿಡುವ ನಾವು ಈ ಕಾರಣಗಳನ್ನು ಎಂದಾದರೂ ಬರೆದಿಟ್ಟಿದ್ದೇವೆಯೇ?

ಎರಡನೆಯ ಉದಾಹರಣೆ ನಮ್ಮ ಬೆಂಗಳೂರಿನದ್ದು. ಇದನ್ನು ತಾವು ವಿಶೇಷ ಗಮನವಿಟ್ಟು ಕೇಳಬೇಕು. ಗ್ಯಾಪ್ ಎಂಬ ಅಮೆರಿಕದ ಉಡುಪು ಕಂಪೆನಿ 2007ರಲ್ಲಿ 'ಪೇಸ್' ಎಂಬ ತರಬೇತಿಯನ್ನು ಆರಂಭಿಸಿತು. ಗಾರ್ಮೆಂಟ್ ಕಾರ್ಖಾನೆಗಳ ಮಹಿಳೆಯರಿಗೆ ಮಾತುಕತೆಯ ಕೌಶಲ, ಸಮಯ ಹಾಗೂ ಒತ್ತಡದ ನಿರ್ವಹಣೆ, ಸಮಸ್ಯೆ ಬಿಡಿಸುವ ಬಗೆ, ಹಣಕಾಸಿನ ತಿಳುವಳಿಕೆ ಇತ್ಯಾದಿಗಳನ್ನು ಸುಮಾರು 80 ಗಂಟೆಗಳ ಕಾಲ ಕಲಿಸುವ ಕಾರ್ಯಕ್ರಮ ಅದು. ಬೆಂಗಳೂರಿನ ಐದು ಕಾರ್ಖಾನೆಗಳಲ್ಲಿ ಸುಮಾರು 2,700 ಮಹಿಳೆಯರು ಆಸಕ್ತಿ ತೋರಿದರು. ಚೀಟಿ ಎತ್ತುವ ಮೂಲಕ ಕೆಲವರನ್ನು ಆಯ್ಕೆ ಮಾಡಲಾಯಿತು. ಅಚ್ಯುತ ಅಧ್ವರ್ಯು, ನಮ್ರತಾ ಕಲಾ, ಅನಂತ್ ನ್ಯಶಾಧಮ್ ಎಂಬ ಸಂಶೋಧಕರು ಇದರ ಫಲಿತಾಂಶವನ್ನು 2023ರಲ್ಲಿ ಅರ್ಥಶಾಸ್ತ್ರದ ಪ್ರತಿಷ್ಠಿತ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು.

ಏನು ಕಂಡುಬಂತು? ತರಬೇತಿ ಪಡೆದ ಮಹಿಳೆಯರ ಉತ್ಪಾದಕತೆ ಇತರರಿಗಿಂತ ಶೇ. 13.5ರಷ್ಟು ಹೆಚ್ಚಾಯಿತು. ತರಬೇತಿ ಮುಗಿದ ಎಂಟು ತಿಂಗಳುಗಳಲ್ಲಿ ಕಾರ್ಖಾನೆಗೆ ದೊರೆತ ನಿವ್ವಳ ಪ್ರತಿಫಲ ಶೇ. 256. ಅಂದರೆ ಹೂಡಿದ ಪ್ರತಿ 100 ರೂಪಾಯಿ ಮರಳಿ ಬಂದದ್ದಲ್ಲದೆ ಅದರ ಮೇಲೆ ಇನ್ನೂ 256 ರೂಪಾಯಿ ಬಂತು. ಹಾಗಾದರೆ ಆ ಮಹಿಳೆಯರ ಸಂಬಳ ಎಷ್ಟು ಏರಿತು? ಶೇ. ಅರ್ಧದಷ್ಟು! ತಿಂಗಳಿಗೆ 10,000 ರೂ. ಪಡೆಯುವವಳಿಗೆ ಅದು 50 ರೂಪಾಯಿ.

ಸಹೋದರ ಸಹೋದರಿಯರೇ, ಕಾರ್ಖಾನೆ ತರಬೇತಿ ನೀಡಿದ್ದು ತಪ್ಪು ಎಂದು ನಾವು ಹೇಳುತ್ತಿಲ್ಲ. ಆ ಮಹಿಳೆಯರು ಮಾತನಾಡಲು ಕಲಿತರು, ಧೈರ್ಯ ಪಡೆದರು. ಅದು ಅವರದೇ ಆಸ್ತಿ, ಅದನ್ನು ಯಾರೂ ಕಸಿದುಕೊಳ್ಳಲಾರರು. ಕಾರ್ಮಿಕರಿಗೆ ಕಲಿಸುವುದು ದಂಡದ ಖರ್ಚು ಎಂದು ವಾದಿಸುವ ಮಾಲಕರಿಗೆ ಈ ಅಧ್ಯಯನ ತಕ್ಕ ಉತ್ತರವೂ ಹೌದು. ಆದರೆ 'ಪ್ರತಿಫಲ ಎಷ್ಟು' ಎಂಬ ಪ್ರಶ್ನೆಗೆ ಶೇ. 256 ಎಂಬ ಉತ್ತರ ಸಿಕ್ಕಿದ ಮೇಲೂ 'ಯಾರಿಗೆ' ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಕಲಿತವಳ ಕೈಯಿಂದ ಬಂದ ಹೆಚ್ಚಿನ ಫಲದಲ್ಲಿ ಕಲಿತವಳ ಪಾಲು ಇಷ್ಟು ಕಡಿಮೆಯಾಗಿದ್ದೇಕೆ? ಆಕೆಗೆ ಬೇರೆ ಕಡೆ ಹೆಚ್ಚು ಸಂಬಳ ಕೇಳಿ ಹೋಗುವ ದಾರಿ ಇರಲಿಲ್ಲ. ತನ್ನ ಬೆಲೆ ಹೆಚ್ಚಿದೆ ಎಂದು ತೋರಿಸುವ ದಾಖಲೆ ಆಕೆಯ ಕೈಯಲ್ಲಿರಲಿಲ್ಲ. ದಾಖಲೆ ಇದ್ದದ್ದು ಕಾರ್ಖಾನೆಯ ಕಂಪ್ಯೂಟರ್‌ನಲ್ಲಿ. ಅಳೆಯುವವರ ಬಳಿ ಅಂಕಿ ಇರುತ್ತದೆ, ಅಂಕಿ ಇರುವವರ ಬಳಿ ಬಲ ಇರುತ್ತದೆ. ನಮ್ಮ ಮನೆಗಳಲ್ಲಿ ಲೆಕ್ಕ ಇಡುವ ಅಗತ್ಯವಿರುವುದು ಈ ಕಾರಣಕ್ಕಾಗಿಯೇ.

ಇನ್ನು ಸರಕಾರದ ವಿಷಯಕ್ಕೆ ಬರೋಣ. ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯನ್ನು 2015ರ ಜುಲೈ 15ರಂದು ಭಾರೀ ಪ್ರಚಾರದೊಂದಿಗೆ ಉದ್ಘಾಟಿಸಲಾಯಿತು. ಲಕ್ಷಗಳಲ್ಲಿ, ಕೋಟಿಗಳಲ್ಲಿ ಗುರಿಗಳನ್ನು ಘೋಷಿಸಲಾಯಿತು. 2016ರಲ್ಲಿ ಸರಕಾರವೇ ನೇಮಿಸಿದ ಶಾರದಾ ಪ್ರಸಾದ್ ಸಮಿತಿಯು ತನ್ನ ವರದಿಯಲ್ಲಿ ಒಂದು ಸರಳ ಸತ್ಯವನ್ನು ಹೇಳಿತು: ಯೋಜನೆಯ ಮೊದಲ ಹಂತದಿಂದ ಯುವಕರಿಗೆ ಉದ್ಯೋಗ ಸಿಕ್ಕಿತೇ, ಉದ್ಯಮಗಳ ಅಗತ್ಯ ಪೂರೈಸಿತೇ ಎಂಬ ಮೌಲ್ಯಮಾಪನವನ್ನೇ ನಡೆಸದೆ ಇನ್ನಷ್ಟು ದೊಡ್ಡ ಹಂತವನ್ನು ಆರಂಭಿಸಲಾಗಿದೆ. ಅಂದರೆ ದೇಶದ ಸರಕಾರವೂ ನಮ್ಮ ಪುಟ್ಟ ಕೇಂದ್ರ ಮಾಡಿದ ತಪ್ಪನ್ನೇ ಮಾಡಿತ್ತು. ಪ್ರಮಾಣಪತ್ರಗಳನ್ನು ಎಣಿಸಿತು. ವ್ಯತ್ಯಾಸವೆಂದರೆ ಅಲ್ಲಿ ಖರ್ಚಾದದ್ದು ಇಡೀ ದೇಶದ ತೆರಿಗೆ ಹಣ.

ಅಲ್ಪಸಂಖ್ಯಾತರಿಗಾಗಿ 2013-14ರಲ್ಲಿ ಆರಂಭವಾದ 'ಸೀಖೋ ಔರ್ ಕಮಾವೋ' ಯೋಜನೆಯಲ್ಲಿ ಒಂದು ಒಳ್ಳೆಯ ನಿಯಮವಿತ್ತು. ತರಬೇತಿ ಪಡೆದವರಲ್ಲಿ ಕನಿಷ್ಠ ಶೇ. 75 ಮಂದಿಗೆ ಉದ್ಯೋಗ ದೊರಕಿಸಬೇಕು, ಅವರಲ್ಲಿ ಕನಿಷ್ಠ ಅರ್ಧದಷ್ಟು ಸಂಘಟಿತ ವಲಯದಲ್ಲಿರಬೇಕು. ಆ ಯೋಜನೆ ಈಗ 'ಪಿಎಂ ವಿಕಾಸ್' ಎಂಬ ಯೋಜನೆಯೊಳಗೆ ವಿಲೀನಗೊಂಡಿದೆ. ಉದ್ಯೋಗವನ್ನೇ ಅಳತೆಗೋಲಾಗಿ ಮಾಡಿದ್ದು ಸ್ವಾಗತಾರ್ಹ. ಆದರೆ ಯಾವ ಅಳತೆಗೋಲಿಗೂ ತನ್ನದೇ ಆದ ಕುರುಡುತನವಿರುತ್ತದೆ. 2006ರ ನವೆಂಬರ್‌ನಲ್ಲಿ ಸಲ್ಲಿಕೆಯಾದ ಸಾಚಾರ್ ಸಮಿತಿ ವರದಿಯ ಪ್ರಕಾರ, ದುಡಿಯುವ ಮುಸ್ಲಿಮ್ ಮಹಿಳೆಯರಲ್ಲಿ ಶೇ. 70ರಷ್ಟು ಮಂದಿ ತಮ್ಮ ಮನೆಯೊಳಗೇ ದುಡಿಯುವವರು. ಒಟ್ಟಾರೆ ಪ್ರಮಾಣ ಶೇ. 51. ಮನೆಯಲ್ಲೇ ಕುಳಿತು ಹೊಲಿಯುವವಳಿಗೆ ನೇಮಕಾತಿ ಪತ್ರವಿಲ್ಲ, ಸಂಬಳದ ಚೀಟಿಯಿಲ್ಲ. ಆಕೆಯ ಗಳಿಕೆಯನ್ನು ಯಾರು ಎಣಿಸಬೇಕು? ನಾವೇ ಎಣಿಸದಿದ್ದರೆ ಯಾರೂ ಎಣಿಸಲಾರರು.

ಅಳತೆಯ ಇನ್ನೊಂದು ಅಪಾಯದ ಬಗ್ಗೆಯೂ ಎಚ್ಚರಿಕೆ ಬೇಕು. ಫಲಿತಾಂಶ ಚೆನ್ನಾಗಿ ಕಾಣಬೇಕೆಂಬ ಹಂಬಲ ಹುಟ್ಟಿದರೆ, ಹೇಗೂ ಗೆಲ್ಲಬಲ್ಲವರನ್ನೇ ಆರಿಸಿಕೊಳ್ಳುವ ಪ್ರಲೋಭನೆ ಹುಟ್ಟುತ್ತದೆ. ಪಿಯುಸಿ ಮುಗಿಸಿದ, ಮನೆಯ ಬೆಂಬಲವಿರುವ ಹುಡುಗಿಗೆ ಸ್ಥಾನ ಸಿಗುತ್ತದೆ. ಐದನೆಯ ತರಗತಿಗೆ ಶಾಲೆ ಬಿಟ್ಟ, ಇಬ್ಬರು ಮಕ್ಕಳಿರುವ ವಿಧವೆಗೆ 'ಮುಂದಿನ ತಂಡಕ್ಕೆ ಬನ್ನಿ' ಎನ್ನಲಾಗುತ್ತದೆ. ವರದಿ ಸುಂದರವಾಗುತ್ತದೆ, ಉದ್ದೇಶ ಸಾಯುತ್ತದೆ. ವಾಸ್ತವದಲ್ಲಿ ಆ ವಿಧವೆಯ ಗಳಿಕೆ ತಿಂಗಳಿಗೆ 1,000 ರೂ. ಏರಿದರೆ ಅದರಿಂದ ಒಂದು ಮಗು ಶಾಲೆಯಲ್ಲಿ ಉಳಿಯಬಹುದು. ಶೇಕಡಾ ಲೆಕ್ಕದಲ್ಲಿ ಅದಕ್ಕೆ ಬೇರೆ ಕಾಲಂ ಇಲ್ಲ. ಲೆಕ್ಕ ಬೇಕು, ಆದರೆ ಲೆಕ್ಕವೇ ನಮ್ಮ ಯಜಮಾನನಾಗಬಾರದು.

ಹಾಗಾದರೆ ನಾವು ಮಾಡಬೇಕಾದುದೇನು? ಇದಕ್ಕೆ ವಿಶ್ವವಿದ್ಯಾಲಯದ ಪಂಡಿತರೇ ಬೇಕೆಂದಿಲ್ಲ. ನೂರು ಪುಟದ ಒಂದು ಪುಸ್ತಕ ಸಾಕು. ಪ್ರತಿಯೊಬ್ಬರಿಗೆ ಒಂದು ಪುಟ. ಸೇರುವ ದಿನ ನಾಲ್ಕು ವಿಷಯ ಬರೆಯಬೇಕು: ಈಗ ಏನು ಕೆಲಸ, ತಿಂಗಳಿಗೆ ಎಷ್ಟು ಗಳಿಕೆ, ಒಂದು ವರ್ಷದ ಹಿಂದೆ ಎಷ್ಟಿತ್ತು, ಇಲ್ಲಿಗೆ ಬರಲು ಏನು ಬಿಟ್ಟು ಬರುತ್ತಿದ್ದಾರೆ. ಒಂದು ವರ್ಷದ ಹಿಂದಿನದನ್ನು ಕೇಳುವುದು ಆಶೆನ್‌ಫೆಲ್ಟರ್ ಹೇಳಿದ ಬಲೆಯಿಂದ ತಪ್ಪಿಸಿಕೊಳ್ಳಲು. ತರಬೇತಿ ಮುಗಿದು ಆರು, ಹನ್ನೆರಡು ಹಾಗೂ ಹದಿನೆಂಟು ತಿಂಗಳಾದಾಗ ಫೋನ್ ಮಾಡಿ ಅದೇ ಪ್ರಶ್ನೆಗಳನ್ನು ಮತ್ತೆ ಕೇಳಬೇಕು. ಕರೆ ಮಾಡುವವರು ಕಲಿಸಿದ ಶಿಕ್ಷಕಿಯಾಗಬಾರದು, ಯಾಕೆಂದರೆ ಶಿಕ್ಷಕಿಯ ಮನ ನೋಯಿಸಲು ಯಾರೂ ಇಚ್ಛಿಸುವುದಿಲ್ಲ. ಅರ್ಧದಲ್ಲಿ ಬಿಟ್ಟವರಿಗೂ ಕರೆ ಹೋಗಬೇಕು. ಸ್ಥಾನಕ್ಕಿಂತ ಹೆಚ್ಚು ಅರ್ಜಿ ಬಂದರೆ ಶಿಫಾರಸು ಬಿಟ್ಟು ಎಲ್ಲರ ಮುಂದೆ ಚೀಟಿ ಎತ್ತಬೇಕು. ಕಾಯುವ ಪಟ್ಟಿಯಲ್ಲಿ ಉಳಿದವರಲ್ಲೂ ಅದೇ ಪ್ರಶ್ನೆ ಕೇಳಿ, ಮುಂದಿನ ತಂಡದಲ್ಲಿ ಅವರಿಗೆ ಮೊದಲ ಸ್ಥಾನ ನೀಡಬೇಕು. ಇದರಿಂದ ಶಿಫಾರಸಿನ ಕಿರುಕುಳವೂ ತಪ್ಪುತ್ತದೆ, ಹೋಲಿಕೆಗೆ ಆಧಾರವೂ ಸಿಗುತ್ತದೆ.

ಇಂದು ಪ್ರಮಾಣಪತ್ರ ಪಡೆದ ಸಹೋದರಿಯರಲ್ಲಿ ನಮ್ಮದೊಂದು ವಿನಂತಿಯಿದೆ. ತಮ್ಮ ಕೆಲಸದ ಲೆಕ್ಕವನ್ನು ತಾವೇ ಇಡಿ. ದಿನಕ್ಕೆ ಎಷ್ಟು ಬಟ್ಟೆ ಹೊಲಿದಿರಿ, ಎಷ್ಟು ಗಂಟೆ ಹಿಡಿಯಿತು, ಎಷ್ಟು ಹಣ ಬಂತು ಎಂದು ಬರೆದಿಡಿ. ನಾಳೆ ಅಂಗಡಿಯವನೊಂದಿಗೋ ಕಾರ್ಖಾನೆಯವನೊಂದಿಗೋ ಕೂಲಿಯ ಮಾತು ಬಂದಾಗ ಆ ಪುಸ್ತಕವೇ ತಮ್ಮ ಪರವಾಗಿ ಮಾತನಾಡುತ್ತದೆ. ಇಲ್ಲಿ ಸೇರಿರುವ ತಂದೆಯಂದಿರಲ್ಲಿ, ಪತಿಯಂದಿರಲ್ಲಿ, ಅಣ್ಣಂದಿರಲ್ಲೂ ಒಂದು ಮಾತು. ಕಲಿತು ಬಂದ ಹೆಣ್ಣುಮಗಳಿಗೆ ಮನೆಯಲ್ಲಿ ಯಂತ್ರ ಇಡಲು ಬೆಳಕಿರುವ ಒಂದು ಮೂಲೆ, ದಿನಕ್ಕೆ ಮೂರು ಗಂಟೆಯ ಬಿಡುವು, ಆಕೆಯ ಗಳಿಕೆ ಆಕೆಯ ಕೈಯಲ್ಲೇ ಉಳಿಯುವ ಭರವಸೆ, ಇವಿಷ್ಟನ್ನು ತಾವು ಕೊಡದಿದ್ದರೆ ಮೂರನೆಯ ಮೆಟ್ಟಿಲನ್ನು ಯಾವ ಕೇಂದ್ರವೂ ಹತ್ತಿಸಲಾರದು. ಕಾರ್ಖಾನೆ ಕಲಿತವಳಿಗೆ ಪಾಲು ಕೊಡಲಿಲ್ಲ ಎಂದು ನಾವು ದೂರುತ್ತೇವೆ. ಮನೆಯೊಳಗೆ ನಾವು ಕೊಡುವ ಪಾಲು ಎಷ್ಟೆಂಬುದನ್ನೂ ಅಷ್ಟೇ ಪ್ರಾಮಾಣಿಕವಾಗಿ ಕೇಳಿಕೊಳ್ಳೋಣ.

ಆರು ತಿಂಗಳ ನಂತರ ಇಂದಿನ ಪ್ರತಿಯೊಬ್ಬ ಸಹೋದರಿಗೂ ನಮ್ಮಿಂದ ಫೋನ್ ಬರುತ್ತದೆ. ಮುಂದಿನ ವರ್ಷದ ಸಮಾರಂಭದಲ್ಲಿ ನಾವು ಮೊದಲು ಓದುವುದು ಆ ಪುಸ್ತಕದ ಲೆಕ್ಕವನ್ನು. ಅದು ಒಳ್ಳೆಯದಿರಲಿ, ಕೆಟ್ಟದ್ದಿರಲಿ, ಮುಚ್ಚಿಡುವುದಿಲ್ಲ. ಪ್ರಶ್ನೆ ಕೇಳಿದ ಆ ತಾಯಿಯನ್ನು ಅಂದು ಮುಂದಿನ ಸಾಲಿನಲ್ಲಿ ಕೂರಿಸಬೇಕೆಂಬುದು ನಮ್ಮ ಆಶಯ. ಅವರಿಗೆ ನಾವು ಉತ್ತರ ಬಾಕಿಯಿದ್ದೇವೆ.